ಲೇಹ್ ದಾರಿ ಹತ್ತುವವರಿಗೆ ಡಿಪಿಎಫ್ ಪಾಠ

ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿಯಲ್ಲಿ, ಸರ್ಚು ಅಥವಾ ಪಾಂಗ್ ಹತ್ತಿರ ಬರುವಾಗ ಕೆಲವರ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಸೈಲೆನ್ಸರಿನ ಚಿತ್ರ, ಅದರೊಳಗೆ ಚುಕ್ಕಿಗಳು. ಮೊದಲ ಸಲ ಲಾರಿಯನ್ನೋ ಡೀಸೆಲ್ ಎಸ್‌ಯುವಿಯನ್ನೋ ಅಷ್ಟು ಎತ್ತರಕ್ಕೆ ಒಯ್ದವರು ಎಂಜಿನ್ನೇ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಗಾಬರಿ ಬೇಕಿಲ್ಲ. ಆದರೆ ಆ ದೀಪವನ್ನು ಕಡೆಗಣಿಸಲೂಬಾರದು. ಬಯಲಿನಲ್ಲಿ ನಿಮಗೆ ಗೊತ್ತೇ ಆಗದಂತೆ ನಡೆದುಹೋಗುವ ಒಂದು ಕೆಲಸ ಅಲ್ಲಿ ಏಕೆ ತಡವರಿಸುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ನಿಯಮ ಜಾರಿಗೆ ಬಂತು. ಆಮೇಲೆ ಬಂದ ಡೀಸೆಲ್ ಲಾರಿ, ಬಸ್ಸು, ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಹೊಗೆ ಸೋಸುವ ಫಿಲ್ಟರ್ ಸೇರಿಕೊಂಡಿತು. ಹೊಸಬರು ಮೊದಲು ಮೂರನ್ನು ಬೇರೆಬೇರೆಯಾಗಿ ನೋಡಬೇಕು. ಟ್ಯಾಂಕಿನಿಂದ ಬರುವ ಇಂಧನವನ್ನು ಸೋಸುವುದು ಡೀಸೆಲ್ ಫಿಲ್ಟರ್. ಎಂಜಿನ್ ಉಗುಳುವ ಮಸಿಯನ್ನು ಹಿಡಿದಿಡುವುದು ಡಿಪಿಎಫ್. ಆಡ್‌ಬ್ಲೂ ಎಂಬ ಯೂರಿಯಾ ದ್ರಾವಣ ಬಳಸಿ ನೈಟ್ರೋಜನ್ ಆಕ್ಸೈಡುಗಳನ್ನು ಇಳಿಸುವುದು ಎಸ್‌ಸಿಆರ್. ಇಲ್ಲಿ ನಮ್ಮ ಮಾತು ನಡುವಿನದರ ಬಗ್ಗೆ ಮಾತ್ರ.

ಡಿಪಿಎಫ್ ಅನ್ನು ಉದ್ದಕ್ಕೆ ಸೀಳಿ ನೋಡಿದರೆ ಸೆರಾಮಿಕ್ಕಿನ ಸಾವಿರಾರು ಸಣ್ಣ ಚೌಕ ಕೊಳವೆಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಒಂದರ ಮುಂದಿನ ಬಾಯಿ ತೆರೆದಿದ್ದರೆ ಹಿಂದಿನದು ಮುಚ್ಚಿದೆ. ಪಕ್ಕದ್ದು ಅದಕ್ಕೆ ತಿರುವುಮುರುವು. ಒಳಗೆ ಬಂದ ಹೊಗೆಗೆ ನೇರ ಹೊರದಾರಿ ಇಲ್ಲ. ರಂಧ್ರಗಳುಳ್ಳ ಗೋಡೆಯ ಮೂಲಕವೇ ಪಕ್ಕದ ಕೊಳವೆಗೆ ದಾಟಬೇಕು. ಅನಿಲ ದಾಟುತ್ತದೆ, ಮಸಿ ಗೋಡೆಗೆ ಅಂಟಿಕೊಳ್ಳುತ್ತದೆ. ಫಿಲ್ಟರ್ ಚೆನ್ನಾಗಿದೆಯೇ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಗಾಡಿ ಪೂರ್ತಿ ತಣ್ಣಗಿರುವಾಗ ಹೊಗೆಕೊಳವೆಯ ಬಾಯೊಳಗೆ ಬೆರಳಾಡಿಸಿ. ಬೆರಳಿಗೆ ಹೆಚ್ಚುಕಡಿಮೆ ಏನೂ ಹತ್ತಬಾರದು. ಹಳೆಯ ಲಾರಿಗಳಂತೆ ದಟ್ಟ ಕಪ್ಪು ಹತ್ತಿದರೆ ಒಳಗೆಲ್ಲೋ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು.

ಹೀಗೆ ಕೂಡಿಟ್ಟ ಮಸಿಯನ್ನು ಆಗಾಗ ಸುಟ್ಟು ಹಾಕಲೇಬೇಕು, ಇಲ್ಲದಿದ್ದರೆ ಎಂಜಿನ್ನಿಗೆ ಉಸಿರು ಹೊರಬಿಡುವ ಜಾಗವೇ ಉಳಿಯುವುದಿಲ್ಲ. ಈ ಸುಡುವ ಕೆಲಸಕ್ಕೆ ರೀಜನರೇಶನ್ ಎನ್ನುತ್ತಾರೆ. ಡ್ರೈವರುಗಳ ಬಾಯಲ್ಲಿ ರೀಜೆನ್. ಅದು ಎರಡು ಬಗೆಯಲ್ಲಿ ನಡೆಯುತ್ತದೆ. ಭಾರ ಹೊತ್ತು ಒಂದೇ ಸಮನೆ ಓಡುವಾಗ ಹೊಗೆಯ ಬಿಸಿ 250ರಿಂದ 400 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆಗ ಫಿಲ್ಟರಿನ ಮುಂದಿರುವ ವೇಗವರ್ಧಕದಲ್ಲಿ (ಕ್ಯಾಟಲಿಸ್ಟ್) ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ಸದ್ದಿಲ್ಲದೆ ಕರಗಿಸುತ್ತಾ ಹೋಗುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಇಷ್ಟು ಬಿಸಿ ಸಿಗದೆ ಮಸಿ ಹೆಚ್ಚಿದಾಗ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ತಾನೇ ಮುಂದಾಗುತ್ತದೆ. ಸ್ವಲ್ಪ ಹೆಚ್ಚುವರಿ ಡೀಸೆಲ್ ಬಿಟ್ಟು, ಅದು ವೇಗವರ್ಧಕದಲ್ಲಿ ಉರಿಯುವಂತೆ ಮಾಡಿ, ಫಿಲ್ಟರಿನ ಬಿಸಿಯನ್ನು 550ರಿಂದ 650 ಡಿಗ್ರಿಗೆ ಏರಿಸುತ್ತದೆ. ಆ ಬಿಸಿಯಲ್ಲಿ ಮಸಿ ಆಮ್ಲಜನಕದೊಂದಿಗೆ ಉರಿದು ಹೋಗುತ್ತದೆ. ಓಡುತ್ತಿರುವಾಗ ಇದು ಮುಗಿಯದಿದ್ದರೆ ಲಾರಿಗಳಲ್ಲಿ ನಿಲ್ಲಿಸಿ ಸ್ವಿಚ್ ಒತ್ತಿ ಮಾಡಿಸುವ ಏರ್ಪಾಡೂ ಇದೆ.

ಈಗ ಎತ್ತರಕ್ಕೆ ಬರೋಣ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಸುಮಾರು ಶೇ 21. ಮೇಲೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದ ಒತ್ತಡವನ್ನು ನೂರು ಎಂದಿಟ್ಟುಕೊಂಡರೆ ಬೆಂಗಳೂರಿನಲ್ಲಿ ಸುಮಾರು 90, 3,500 ಮೀಟರ್ ಎತ್ತರದ ಲೇಹ್‌ನಲ್ಲಿ 65, ಅದೇ ಹೆದ್ದಾರಿಯ ತಂಗ್ಲಂಗ್ ಲಾ ಕಣಿವೆದಾರಿಯ ನೆತ್ತಿಯಲ್ಲಿ, ಅಂದರೆ 5,328 ಮೀಟರಿನಲ್ಲಿ, ಅರ್ಧಕ್ಕಿಂತ ಒಂದಿಷ್ಟೇ ಹೆಚ್ಚು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರ್. ನಮ್ಮ ಶಿರಾಡಿ, ಆಗುಂಬೆ, ಚಾರ್ಮಾಡಿ ಘಾಟಿಗಳು ಹೆಚ್ಚುಕಡಿಮೆ ಅದರ ಅರ್ಧಕ್ಕೆಲ್ಲ ಮುಗಿಯುತ್ತವೆ. ಇಲ್ಲಿ ಹತ್ತಾರು ವರ್ಷ ಘಾಟಿ ಇಳಿಸಿ ಹತ್ತಿಸಿದ ಡ್ರೈವರಿಗೂ ಆ ತೆಳುಗಾಳಿಯ ಪರಿಚಯ ಇರುವುದಿಲ್ಲ.

ಒಲೆಗೆ ಗಾಳಿ ಸಾಲದಿದ್ದರೆ ಸೌದೆ ಉರಿಯದೆ ಹೊಗೆಯಾಡುವುದನ್ನು ಎಲ್ಲರೂ ಕಂಡಿದ್ದೇವೆ. ಎಂಜಿನ್ನಿನ ಒಳಗೂ ಅದೇ ಪಾಡು. ಟರ್ಬೊ ತನ್ನ ಕೈಲಾದಷ್ಟು ಗಾಳಿ ತುರುಕುತ್ತದೆ, ಆದರೆ ಅದು ಮಿತಿಮೀರಿ ತಿರುಗಿ ಒಡೆಯಬಾರದೆಂದು ಇಸಿಯು ಒಂದು ಹಂತದಲ್ಲಿ ಇಂಧನವನ್ನೇ ಕಡಿಮೆ ಮಾಡುತ್ತದೆ. ಪಿಕಪ್ ಇಲ್ಲ ಎಂದು ಡ್ರೈವರುಗಳು ಗೊಣಗುವುದು ಆಗಲೇ. ಮುಖ್ಯವಾಗಿ ಕಡಿಮೆ ಆರ್‌ಪಿಎಂನಲ್ಲಿ, ಟರ್ಬೊ ಇನ್ನೂ ವೇಗ ಹಿಡಿಯದೆ ಇರುವಾಗ ಆಕ್ಸಿಲರೇಟರ್ ತುಳಿದರೆ ಮಸಿ ಜೋರಾಗಿ ಹುಟ್ಟುತ್ತದೆ. ಹೀಗೆ ಮಸಿ ಬೇಗ ತುಂಬುತ್ತದೆ.

ತುಂಬಿದ್ದನ್ನು ಸುಡುವುದೂ ಅಲ್ಲಿ ಕಷ್ಟ. ಫಿಲ್ಟರನ್ನು 600 ಡಿಗ್ರಿಗೆ ಏರಿಸಲು ಬಿಟ್ಟ ಹೆಚ್ಚುವರಿ ಡೀಸೆಲ್ ಉರಿಯಲೂ ಆಮ್ಲಜನಕ ಬೇಕು. ಜೊತೆಗೆ ಉರಿಯುತ್ತಿರುವ ಫಿಲ್ಟರಿನ ಬಿಸಿಯನ್ನು ಹೊತ್ತು ಹೊರಗೆ ಸಾಗಿಸುವುದು ಅದರ ಮೂಲಕ ಹರಿಯುವ ಅನಿಲವೇ. ಮೇಲೆ ಆ ಹರಿವು ಕಡಿಮೆ. ಮಸಿ ತುಂಬಿರುವ ಫಿಲ್ಟರ್ ಉರಿಯುವ ಹೊತ್ತಿನಲ್ಲಿ ಡ್ರೈವರ್ ತಟ್ಟನೆ ಕಾಲು ತೆಗೆದು ಗಾಡಿ ನಿಲ್ಲಿಸಿಬಿಟ್ಟರೆ, ಒಳಗಿನ ಬಿಸಿ ಹೋಗಲು ದಾರಿ ಸಿಗದೆ ಏರುತ್ತಲೇ ಹೋಗಿ ಸೆರಾಮಿಕ್ ಬಿರಿಯಬಹುದು. ಇದಕ್ಕೇ ಎಷ್ಟೋ ಗಾಡಿಗಳ ಇಸಿಯು ಒಂದು ಎತ್ತರದ ಮೇಲೆ ರೀಜೆನ್ ಅನ್ನು ತಡೆಹಿಡಿಯುತ್ತದೆ ಅಥವಾ ಮಿತಗೊಳಿಸುತ್ತದೆ. ಆ ಎತ್ತರ ಎಷ್ಟು ಎಂಬುದು ಕಂಪನಿಗೊಂದು, ಮಾಡೆಲ್ಲಿಗೊಂದು. ಯುರೋಪಿನ ಯುರೋ-6 ನಿಯಮದಲ್ಲಿ ಭಾರಿ ವಾಹನಗಳನ್ನು ರಸ್ತೆಯಲ್ಲೇ ಓಡಿಸಿ ಹೊಗೆ ಅಳೆಯುವ ಪರೀಕ್ಷೆಗೆ 82.5 ಕಿಲೊಪ್ಯಾಸ್ಕಲ್‌ಗಿಂತ ಕಡಿಮೆ ಒತ್ತಡದ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಸುಮಾರು 1,700 ಮೀಟರ್ ಎತ್ತರ. ಮನಾಲಿ ಪೇಟೆಯೇ 2,050 ಮೀಟರಿನಲ್ಲಿದೆ. ಅಂದರೆ ಎಂಜಿನ್ ಕಟ್ಟುವವರು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡ ಜಗತ್ತು ಮುಗಿಯುವ ಕಡೆಯಿಂದ ನಿಮ್ಮ ಪ್ರಯಾಣ ಶುರು.

ಈ ದಾರಿಯ ಗುಣವನ್ನೂ ಸ್ವಲ್ಪ ನೋಡಿ. ಅಟಲ್ ಸುರಂಗ ದಾಟಿ ಲಾಹೌಲಿಗೆ ಇಳಿದು ಕೀಲಾಂಗ್, ದಾರ್ಚಾ ಕಳೆದು ಬಾರಾಲಾಚಾ ಲಾ ಹತ್ತುವಾಗ ಲೋಡ್ ಗಾಡಿಯ ಎಂಜಿನ್ ಸತತವಾಗಿ ದುಡಿಯುತ್ತದೆ, ಹೊಗೆ ಬಿಸಿಯಾಗಿರುತ್ತದೆ, ಮೊದಲ ಬಗೆಯ ಮೌನ ಶುದ್ಧಿ ತಕ್ಕಮಟ್ಟಿಗೆ ನಡೆಯುತ್ತದೆ. ಅಚ್ಚರಿಯಾದರೂ ಇದು ನಿಜ: ಹತ್ತುವ ದಾರಿ ಫಿಲ್ಟರಿಗೆ ಶತ್ರುವಲ್ಲ. ತೊಂದರೆ ಇಳಿಜಾರಿನಲ್ಲಿ. ಗೇರಿನಲ್ಲಿ ಇಳಿಯುವಾಗ ಇಂಧನ ಉರಿಯುವುದಿಲ್ಲ, ಬರಿ ತಣ್ಣಗಿನ ಗಾಳಿ ಫಿಲ್ಟರಿನ ಮೂಲಕ ಹಾದು ಅದನ್ನು ತಣಿಸಿಬಿಡುತ್ತದೆ. ಅರ್ಧ ನಡೆದಿದ್ದ ರೀಜೆನ್ ಅಲ್ಲಿಗೆ ನಿಲ್ಲುತ್ತದೆ. ಹಾಗೆಂದು ನ್ಯೂಟ್ರಲ್‌ಗೆ ಹಾಕಿ ಇಳಿಸುವ ಯೋಚನೆ ಮಾತ್ರ ಬೇಡ; ಫಿಲ್ಟರಿಗಿಂತ ಬ್ರೇಕು ಮುಖ್ಯ, ಜೀವ ಮುಖ್ಯ. ಪಾಂಗ್ ದಾಟಿದ ಮೇಲೆ ಸಿಗುವ ಮೋರೆ ಬಯಲು ಸುಮಾರು 40 ಕಿ.ಮೀ. ಸಪಾಟು ರಸ್ತೆ, ಒಂದೇ ವೇಗದಲ್ಲಿ ಓಡಿಸಬಹುದು. ಬಯಲುನಾಡಿನಲ್ಲಾಗಿದ್ದರೆ ರೀಜೆನ್‌ಗೆ ಹೇಳಿ ಮಾಡಿಸಿದ ಜಾಗ. ಆದರೆ ಅದು ಇರುವುದು 4,700 ಮೀಟರ್ ಎತ್ತರದಲ್ಲಿ. ರಸ್ತೆ ಒಪ್ಪಿದರೂ ಗಾಳಿ ಒಪ್ಪುವುದಿಲ್ಲ.

ಹೀಗಾಗಿ ಹೊಸಬರಿಗೆ ನಾನು ಒತ್ತಿ ಹೇಳುವುದು ಒಂದೇ ಮಾತು. ಫಿಲ್ಟರನ್ನು ಮೇಲೆ ಹೋಗಿ ಖಾಲಿ ಮಾಡಿಕೊಳ್ಳುತ್ತೇನೆ ಎಂದುಕೊಳ್ಳಬೇಡಿ, ಖಾಲಿ ಮಾಡಿಕೊಂಡೇ ಮೇಲೆ ಹೋಗಿ. ಚಂಡೀಗಡದ ಆಸುಪಾಸಿನ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಒಂದು ರೀಜೆನ್ ಪೂರ್ತಿ ಮುಗಿಯಲು ಬಿಡಿ. ನಿಮ್ಮ ಲಾರಿಯಲ್ಲಿ ಮಸಿಯ ಮಟ್ಟ ತೋರಿಸುವ ಗೇಜ್ ಇದ್ದರೆ ಅದು ಕೆಳಗಿಳಿದದ್ದನ್ನು ಕಣ್ಣಾರೆ ನೋಡಿ. ಗೇಜ್ ಇಲ್ಲದ ಗಾಡಿಗಳಲ್ಲಿ ರೀಜೆನ್ ನಡೆಯುತ್ತಿದೆ ಎಂಬುದಕ್ಕೆ ಗುರುತುಗಳಿವೆ: ನಿಂತಾಗ ಐಡ್ಲಿಂಗ್ ಸ್ವಲ್ಪ ಏರಿರುತ್ತದೆ, ರೇಡಿಯೇಟರ್ ಫ್ಯಾನ್ ಬಿಡದೆ ತಿರುಗುತ್ತದೆ, ಬಿಸಿ ಲೋಹದ ವಾಸನೆ ಬರುತ್ತದೆ, ಮೈಲೇಜ್ ಅಂಕಿ ಏಕಾಏಕಿ ಬೀಳುತ್ತದೆ. ಆ ಹೊತ್ತಿನಲ್ಲಿ ಚಹಾಕ್ಕೆಂದು ಎಂಜಿನ್ ಆರಿಸಬೇಡಿ, ಇನ್ನೊಂದಿಷ್ಟು ದೂರ ಓಡಿಸಿ. ಪದೇ ಪದೇ ಅರ್ಧಕ್ಕೆ ನಿಂತ ರೀಜೆನ್‌ನಿಂದ ಇನ್ನೊಂದು ಕೇಡೂ ಇದೆ. ಹೆಚ್ಚುವರಿ ಡೀಸೆಲನ್ನು ಸಿಲಿಂಡರಿನೊಳಗೇ ಬಿಡುವ ಗಾಡಿಗಳಲ್ಲಿ ಅದರ ಒಂದು ಪಾಲು ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಸಂತೋಷಪಡಬೇಡಿ, ಅದು ತೆಳುವಾಗಿದೆ ಎಂದರ್ಥ. ಬದಲಾಯಿಸಿ.

ಮೇಲೆ ಹೋದ ಮೇಲೆ ಅತಿ ಹೆಚ್ಚು ಮಸಿ ತುಂಬಿಸುವ ಅಭ್ಯಾಸ ಚಳಿಗೆ ಹೀಟರ್ ಬೇಕೆಂದು ರಾತ್ರಿಯಿಡೀ ಎಂಜಿನ್ ಐಡ್ಲಿಂಗಿನಲ್ಲಿ ಬಿಡುವುದು. ಹೊಗೆ ತಣ್ಣಗೆ, ಮಸಿ ಯಥೇಚ್ಛ. ಸರ್ಚುವಿನ ಡೇರೆಯಲ್ಲಿ ಇನ್ನೊಂದು ಕಂಬಳಿ ಕೇಳಿ, ಎಂಜಿನ್ ಆರಿಸಿ. ಏರಿನಲ್ಲಿ ಎತ್ತರದ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸುವುದಕ್ಕಿಂತ ಒಂದು ಗೇರ್ ಇಳಿಸಿ ಟರ್ಬೊ ತಿರುಗುವಂತೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಲಡಾಖಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ತಂದ, ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ಸಿಕ್ಕರೆ ಅದನ್ನೇ ಹಾಕಿಸಿ. ಆಡ್‌ಬ್ಲೂ ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ಎಂಬುದೂ ನೆನಪಿರಲಿ. ಅದರ ದೀಪ ಹೊತ್ತಿದ್ದನ್ನು ಡಿಪಿಎಫ್ ದೀಪವೆಂದು ಭ್ರಮಿಸುವವರಿದ್ದಾರೆ.

ದೀಪ ಹೊತ್ತಿಯೇಬಿಟ್ಟರೆ? ಸುಮ್ಮನೆ ಬೆಳಗುತ್ತಿದ್ದರೆ ಓಡಿಸುತ್ತಿರಿ, ಮುಂದಿನ ಏರು ನೆರವಾಗಬಹುದು. ಮಿನುಗತೊಡಗಿದರೆ ಫಿಲ್ಟರಿನಲ್ಲಿ ಜಾಗ ಕಡಿಮೆಯಾಗುತ್ತಿದೆ. ನಿಲ್ಲಿಸಿ ಮಾಡುವ ರೀಜೆನ್‌ಗೆ ಕೈಪಿಡಿ ಒಪ್ಪಿದರೆ ಸಮತಟ್ಟಾದ ಬಂಡೆನೆಲ ನೋಡಿ ನಿಲ್ಲಿಸಿ. ಹೊಗೆಕೊಳವೆಯ ಬಾಯಿಗೆ ಒಣಹುಲ್ಲು, ಟಾರ್ಪಾಲು, ಡೇರೆ, ಮಲಗಿರುವ ಕ್ಲೀನರ್ ಯಾರೂ ಯಾವುದೂ ಹತ್ತಿರ ಇರಬಾರದು. ಸ್ವಿಚ್ ಒತ್ತಿಯೂ ಶುರುವಾಗದಿದ್ದರೆ ಸ್ವಿಚ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎತ್ತರ ಒಪ್ಪುತ್ತಿಲ್ಲ ಎಂದೂ ಇರಬಹುದು. ಮತ್ತೆ ಮತ್ತೆ ಒತ್ತದೆ, ತಗ್ಗಿಗೆ ಇಳಿದ ಮೇಲೆ ಪ್ರಯತ್ನಿಸಿ. ಎಂಜಿನ್ ದೀಪವೂ ಸೇರಿಕೊಂಡು ಗಾಡಿ ಶಕ್ತಿ ಕಳೆದುಕೊಂಡರೆ ಮಾತ್ರ ಹಟ ಬಿಟ್ಟು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ.

ರೀಜೆನ್ ಸುಡುವುದು ಮಸಿಯನ್ನು. ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತು ಮೊದಲಾದ ಲೋಹಾಂಶ ಉಳಿಸುವ ಬೂದಿ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಲಕ್ಷಗಟ್ಟಲೆ ಕಿ.ಮೀ. ಓಡಿದ ಮೇಲೆ ಫಿಲ್ಟರ್ ಬಿಚ್ಚಿ, ಅದಕ್ಕೆಂದೇ ಇರುವ ಯಂತ್ರದಲ್ಲಿ ಊದಿಸಿ ತೆಗೆಯಬೇಕು. ಕೈಪಿಡಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿದರೆ ಆ ದಿನ ದೂರ ಹೋಗುತ್ತದೆ.

ರೀಜೆನ್ ಕಾಟವೇ ಬೇಡವೆಂದು ಫಿಲ್ಟರನ್ನೇ ತೆಗೆದು, ಇಸಿಯು ಸಾಫ್ಟ್‌ವೇರ್ ತಿದ್ದಿಕೊಡುತ್ತೇವೆ ಎನ್ನುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡ ಕಾರಣ ಆ ಊರು. ಹಿಮಾಲಯದ ಹಿಮದ ಮೇಲೆ ಮಸಿ ಬಿದ್ದರೆ ಬಿಳುಪು ಕಳೆದು ಅದು ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗುತ್ತದೆ. ಮಳೆ ಅಪರೂಪವಾದ ಲಡಾಖಿನ ಹಳ್ಳಿಗಳು ಗದ್ದೆಗೆ ಹಾಯಿಸುವ ನೀರು ಆ ಹಿಮದ್ದೇ. ಫಿಲ್ಟರ್ ತೆಗೆಸಬೇಡಿ. ಹೊರಡುವ ಮುಂಚೆ ಅರ್ಧ ದಿನ ಹೆಚ್ಚಾದರೂ ಸರಿ, ಅದನ್ನು ಖಾಲಿ ಮಾಡಿಸಿಕೊಂಡು ಹತ್ತಿ.