ಹಲ್ಲಿಗೆ ಕ್ಲಿಪ್ ಹಾಕಿಸುವ ಮುನ್ನ

ನ್ಯೂಜಿಲೆಂಡಿನ ರಿಕ್ಕರ್ಟನ್ನಿನ ಕನ್ನಡದ ಅಪ್ಪ-ಅಮ್ಮಂದಿರೇ, ನಿಮ್ಮ ಮಗನ ಹಲ್ಲು ಒಂದರ ಮೇಲೊಂದು ಏರಿದ್ದರೆ ಗಾಬರಿ ಬೇಡ. ಹದಿಹರೆಯದಲ್ಲಿ ಇದು ಬಹಳ ಸಾಮಾನ್ಯ. ಸಾಲು ತಪ್ಪಿದ ಹಲ್ಲು, ಸರಿಯಾಗಿ ಕೂಡದ ಕಚ್ಚು ಯಾವ ತರಗತಿಯಲ್ಲಿ ನೋಡಿದರೂ ಸಿಗುತ್ತವೆ. ಅಪ್ಪನಿಂದಲೋ ಅಮ್ಮನಿಂದಲೋ ಬಂದ ದವಡೆ, ಹುಳುಕಾಗಿ ಬೇಗ ಕಿತ್ತ ಹಾಲುಹಲ್ಲು, ಬಿಡದ ಬೆರಳು ಚೀಪುವ ಚಾಳಿ, ಹೀಗೆ ಕಾರಣ ಹಲವು. ಎಲ್ಲಕ್ಕೂ ಕ್ಲಿಪ್ ಬೇಕಿಲ್ಲ.

ಆದರೆ ಮೇಲಿನ ಹಲ್ಲು ತೀರಾ ಮುಂದೆ ಚಾಚಿದ್ದರೆ ಅಲಕ್ಷ್ಯ ಮಾಡಬೇಡಿ. ಬಿದ್ದಾಗ ಮೊದಲು ಮುರಿಯುವುದು ಅದೇ. ರಗ್ಬಿಯ ನಾಡಿನಲ್ಲಿ ಮಗುವಿಗೆ ಮೌತ್‌ಗಾರ್ಡ್ ಕೊಡಿಸುವುದು ಮೊದಲ ಖರ್ಚಾಗಲಿ.

ನ್ಯೂಜಿಲೆಂಡಿನಲ್ಲಿ 18 ತುಂಬುವವರೆಗೆ ಸಾಮಾನ್ಯ ದಂತಚಿಕಿತ್ಸೆ ಉಚಿತ. ಎಂಟನೇ ಇಯರ್ ಮುಗಿದ ಮೇಲೆ ಶಾಲಾ ದಂತಸೇವೆಯಿಂದ ಹೊರಬಂದು ಬೇರೆ ದಂತವೈದ್ಯರಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲೇ ಅನೇಕರು ಜಾರುವುದು. ಹಲ್ಲು ಸಾಲುಮಾಡಿಸುವ ಖರ್ಚು ಮಾತ್ರ ಸಾಮಾನ್ಯವಾಗಿ ನಮ್ಮ ಜೇಬಿನದೇ, ಅದೂ ಸಾವಿರಾರು ಡಾಲರ್. ಕಂತಿನ ಸೌಲಭ್ಯ ಕೇಳಲು ಸಂಕೋಚವೇಕೆ? ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಿರಿ.

“ರಜೆಗೆ ಬೆಂಗಳೂರಿಗೆ ಹೋದಾಗ ಹಾಕಿಸಿದರಾಯ್ತು, ಅಗ್ಗ” ಎನ್ನುವ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ. ತಂತಿಯನ್ನು ಕೆಲವು ವಾರಗಳಿಗೊಮ್ಮೆ ಬಿಗಿಮಾಡಬೇಕು, ಒಂದೂವರೆ-ಎರಡು ವರ್ಷ. ಒಬ್ಬರು ಹಾಕಿದ ಕ್ಲಿಪ್ಪನ್ನು ನಡುವೆ ವಹಿಸಿಕೊಳ್ಳಲು ಇನ್ನೊಬ್ಬ ವೈದ್ಯರು ಹಿಂಜರಿಯಬಹುದು.

ಕ್ಲಿಪ್ ಇರುವಷ್ಟು ದಿನ ಚಕ್ಕುಲಿ, ಕೋಡುಬಳೆ ದೂರವಿಡಿ. ಕ್ಲಿಪ್ ತೆಗೆದ ಮೇಲೂ, ಹಲ್ಲನ್ನು ಹಿಡಿದಿಡುವ ರಿಟೇನರ್ ಹಾಕುವುದನ್ನು ಬಿಟ್ಟರೆ ಹಲ್ಲು ಮೆಲ್ಲಗೆ ಹಳೆಯ ಜಾಗಕ್ಕೇ ಸರಿಯುತ್ತದೆ. ಊಟಕ್ಕೆ ರಿಟೇನರ್ ತೆಗೆದಾಗ ಕಾಗದದ ಕರವಸ್ತ್ರದಲ್ಲಿ ಸುತ್ತದೆ, ಅದರ ಡಬ್ಬಿಯಲ್ಲೇ ಇಡಲು ಹೇಳಿ.