ಸ್ವಉದ್ಯೋಗ ಪಾಠ: ಹಲಸಿನ ಹಲಗೆ ಮತ್ತು ರೆಸಿನ್‌ನ ಕೋಸ್ಟರ್



ಮೇಜಿನ ಮೇಲೆ ಕಲೆಯಾಗದಂತೆ ಲೋಟದ ಅಡಿಗೆ ಇಡುವ ಸಣ್ಣ ಹಲಗೆಗೆ ಕೋಸ್ಟರ್ ಅನ್ನುತ್ತಾರೆ. ಮರಕ್ಕೆ ಬಣ್ಣದ ಎಪಾಕ್ಸಿ ರೆಸಿನ್ ಸೇರಿಸಿ ಮಾಡುವ ಕೋಸ್ಟರ್, ಮರಗೆಲಸ ಹೊಸದಾಗಿ ಕಲಿಯುವವರಿಗೂ ಕೈಗೆಟಕುವ ಕೆಲಸ. ಆದರೆ ನಮ್ಮ ಮೊದಲ ಪ್ರಯತ್ನ ಕೈಕೊಟ್ಟಿತ್ತು. ಅದನ್ನು ಹೇಳಿಯೇ ಪಾಠ ಶುರು ಮಾಡುತ್ತೇವೆ.

ಕ್ರಿಸ್ಮಸ್ ಮಾರಾಟಕ್ಕೆಂದು ಹಲಗೆಯ ಮೇಲೆಲ್ಲ ರೆಸಿನ್ ಸುರಿದು, ಕನ್ನಡಿಯಂತೆ ಹೊಳೆಯುವ ಕೋಸ್ಟರ್ ಮಾಡಿದ್ದೆವು. ಪೂಜೆ ಮುಗಿಸಿ ಬಂದವರು ಚರ್ಚ್ ವಠಾರದಲ್ಲೇ ಎಲ್ಲ ಕೊಂಡರು. ವಾರದೊಳಗೆ ಒಬ್ಬ ಅಕ್ಕ ಒಂದನ್ನು ವಾಪಸ್ ತಂದು ತೋರಿಸಿದರು. ಕಾಫಿಯ ಸ್ಟೀಲ್ ಲೋಟ ಇಟ್ಟಲ್ಲಿ ದುಂಡಗೆ ಅಚ್ಚು ಬಿದ್ದಿತ್ತು! ಸಾಮಾನ್ಯ ಎಪಾಕ್ಸಿ ಸುಮಾರು 50–60 ಡಿಗ್ರಿ ಸೆಲ್ಸಿಯಸ್‌ಗೇ ಮೆದುವಾಗುತ್ತದೆ. ಕುದಿಸಿ ಸುರಿದ ಕಾಫಿ ಅದಕ್ಕಿಂತ ಬಿಸಿ, ಸ್ಟೀಲ್ ಅದನ್ನು ನೇರ ತಳಕ್ಕೆ ಮುಟ್ಟಿಸುತ್ತದೆ. ಎಲ್ಲರಿಗೂ ಹಣ ಹಿಂದಿರುಗಿಸಿದೆವು. ಈಗ ನಾವು ಲೋಟ ಕೂರುವ ಜಾಗವನ್ನು ಮರವಾಗಿಯೇ ಬಿಟ್ಟು, ಅಂಚಿಗೆ ಮಾತ್ರ ರೆಸಿನ್ ಹಾಕುತ್ತೇವೆ.

ಮರದ ಮಿಲ್ಲಿನಲ್ಲಿ ಹಲಸಿನ ತುಂಡು ಹಲಗೆ ಕೇಳಿ. ಉದ್ದ 62, ಅಗಲ 8, ದಪ್ಪ 1 ಸೆಂಟಿಮೀಟರ್ ಸಾಕು. ಒಂದು ಬದಿ ಮರದ ಸಹಜ ಅಂಕುಡೊಂಕು ಇದ್ದರೆ ಚೆಂದ. ತೊಗಟೆ ಮಾತ್ರ ಪೂರ್ತಿ ಕೆರೆದು ತೆಗೆಯಿರಿ. ಹಸಿ ಮರಕ್ಕೆ ರೆಸಿನ್ ಸರಿಯಾಗಿ ಹಿಡಿಯೋದಿಲ್ಲ, ಗುಳ್ಳೆಯೂ ಏಳುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಪ್ಯಾಕಿಂಗ್ ಟೇಪ್ ಅಂಟಿಸಿದ ಹಲಗೆಯ ಮೇಲೆ ಮರವನ್ನಿಟ್ಟು ಬಿಗಿ ಮಾಡಿ. ಟೇಪಿಗೆ ರೆಸಿನ್ ಅಂಟುವುದಿಲ್ಲ. ಅಂಕುಡೊಂಕು ಬದಿಯಲ್ಲಿ 2 ಸೆಂಟಿಮೀಟರ್ ಬಿಟ್ಟು, ಟೇಪ್ ಸುತ್ತಿದ ಪಟ್ಟಿಯನ್ನು ಗೋಡೆಯಂತೆ ನಿಲ್ಲಿಸಿ, ಎರಡು ತುದಿಯನ್ನೂ ಮುಚ್ಚಿ. ಈ ಕಾಲುವೆಗೆ 62×2×1, ಅಂದರೆ 124 ಮಿಲಿಲೀಟರ್ ಹಿಡಿಸುತ್ತದೆ; ಪೋಲಾಗುವುದೂ ಸೇರಿ 150 ಇರಲಿ. ರೆಸಿನ್ ಎರಡು ಪಾಲು, ಹಾರ್ಡನರ್ ಒಂದು ಪಾಲು ಎಂದು ಡಬ್ಬದ ಮೇಲಿದ್ದರೆ 100ಕ್ಕೆ 50. ಆದರೆ ಆ ಅಳತೆ ತೂಕದ್ದೋ ಗಾತ್ರದ್ದೋ ಓದಿಕೊಳ್ಳಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಜಾಸ್ತಿ ಹಾಕ್ಬೇಡಿ, ಆಮೇಲೆ ಅದು ಎಂದೂ ಸರಿಯಾಗಿ ಗಟ್ಟಿಯಾಗದು.

ಅರ್ಧ ಮಾತ್ರ ಮೊದಲು ಕಲಸಿ. ಮೂರು ನಿಮಿಷ ನಿಧಾನವಾಗಿ, ಲೋಟದ ಬದಿ-ತಳ ಕೆರೆಯುತ್ತಾ ಕಲಸಬೇಕು. ಬಣ್ಣ ಚಿಟಿಕೆಯಷ್ಟೇ. ಮರದ ಅಂಚಿಗೆ ಬ್ರಷ್‌ನಿಂದ ತೆಳ್ಳಗೆ ಹಚ್ಚಿ, ನಂತರ ಸುರಿಯಿರಿ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ತಾನಾಗಿ ಬಿಸಿಯೇರಿ ಹೊಗೆ ಬರುವುದೂ ಉಂಟು. ಮೊದಲ ಪದರ ಅಂಟಂಟಾದಾಗ ಉಳಿದರ್ಧ ಕಲಸಿ ಸುರಿಯಿರಿ.

ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ನಮ್ಮ ಒಬ್ಬ ಸದಸ್ಯೆ ಬರಿಗೈಯಲ್ಲಿ ಕಲಸಿ, ಬೆರಳೆಲ್ಲ ಕೆಂಪಾಗಿ ತುರಿಕೆ ಹತ್ತಿಸಿಕೊಂಡರು. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡದು. ಅವರು ಈಗ ಲೆಕ್ಕ ಮಾತ್ರ ನೋಡಿಕೊಳ್ಳುತ್ತಾರೆ. ನೈಟ್ರೈಲ್ ಕೈಗವಸು ಬೇಕೇ ಬೇಕು. ಚರ್ಮಕ್ಕೆ ತಾಗಿದರೆ ಸೋಪು ನೀರು, ಥಿನ್ನರ್ ಅಲ್ಲ. ಅಡುಗೆಮನೆಯ ಪಾತ್ರೆ ಬಳಸಬೇಡಿ, ಮಕ್ಕಳನ್ನು ದೂರವಿಡಿ.

ಏಳು ದಿನ ಬಿಟ್ಟು, 10 ಸೆಂಟಿಮೀಟರಿಗೊಂದರಂತೆ ಸಣ್ಣ ಹಲ್ಲಿನ ಗರಗಸದಿಂದ ಕೊಯ್ಯಿರಿ: ಆರು ಕೋಸ್ಟರ್ ಆಯ್ತು. ಮೂಗಿಗೆ ಮಾಸ್ಕ್ ಹಾಕಿ 80, 120, 220, 400 ನಂಬರಿನ ಸ್ಯಾಂಡ್ ಪೇಪರ್ ಕ್ರಮವಾಗಿ ಉಜ್ಜಿ. ನಂಬರ್ ಹಾರಿಸಿದರೆ ಗೀರು ಉಳಿಯುತ್ತದೆ.

ಮೊದಲ ಆರಕ್ಕೆ ಸಂಘದ ಸಾಲ ಬೇಡ, ಸಣ್ಣ ಪ್ಯಾಕ್ ರೆಸಿನ್ ಉಳಿತಾಯದಿಂದಲೇ ತನ್ನಿ. ಒಂದು ತಿಂಗಳು ಆರು ಮನೆಗಳಲ್ಲಿ ದಿನಾಲೂ ಬಿಸಿ ಲೋಟ ಇಟ್ಟು ನೋಡಿ, ಏನಾಯ್ತೆಂದು ಸಂಘದ ಸಭೆಯಲ್ಲಿ ಹೇಳಿ. ಬೆಲೆಯ ವಿಚಾರ ಆಮೇಲೆ ಮಾತಾಡೋಣ.