ನಾಟಿಯ ನಂತರ ಪವರ್ ಟಿಲ್ಲರಿನ ಪೋಷಣೆ

ಉಳುಮೆ ಮುಗಿದ ಮೇಲೆ ಎತ್ತಿನ ಮೈ ತೊಳೆದು, ನೆರಳಿನಲ್ಲಿ ಕಟ್ಟಿ, ಮೇವು ಹಾಕುವುದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಎತ್ತಿನ ಕೆಲಸಕ್ಕೆ ನಿಂತಿರುವ ಪವರ್ ಟಿಲ್ಲರಿಗೆ ಇಂಥ ಉಪಚಾರ ಎಲ್ಲ ಮನೆಗಳಲ್ಲಿಯೂ ದೊರೆಯುತ್ತಿಲ್ಲ. ಎತ್ತು ಹಸಿದರೆ ಕೂಗಿ ತಿಳಿಸುತ್ತದೆ. ಯಂತ್ರವು ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ.

ಈ ಯಂತ್ರ ನಮ್ಮ ನಾಡಿಗೆ ಹೊಸದಲ್ಲ. ಜಪಾನಿನ ಮಿತ್ಸುಬಿಷಿ ಕಂಪನಿಯ ತಾಂತ್ರಿಕ ಸಹಯೋಗದಿಂದ ಟಿಲ್ಲರುಗಳನ್ನು ತಯಾರಿಸಲು ಬೆಂಗಳೂರಿನಲ್ಲಿ ವಿ.ಎಸ್.ಟಿ. ಸಂಸ್ಥೆಯು 1967ರಲ್ಲಿಯೇ ಸ್ಥಾಪನೆಯಾಯಿತು. ಮಲೆನಾಡು ಮತ್ತು ಕರಾವಳಿಯ ಸಣ್ಣ ಗದ್ದೆಗಳಿಗೆ ಇದು ಒಗ್ಗಿಕೊಂಡಿದೆ. ನಾಟಿ ಮುಗಿದರೆ ಇದಕ್ಕೆ ತಿಂಗಳುಗಟ್ಟಲೆ ಬಿಡುವು. ಕೆಸರು ಮೆತ್ತಿದ ಯಂತ್ರವನ್ನು ಹಾಗೆಯೇ ಕೊಟ್ಟಿಗೆಗೆ ತಳ್ಳಿದರೆ ಅದರ ಫಲ ಮುಂದಿನ ಮುಂಗಾರಿನಲ್ಲಿ ಕಾಣುತ್ತದೆ. ಸಸಿ ಮಡಿಯಲ್ಲಿ ಅಗೆ 20-25 ದಿನದ್ದಾಗಿ ಕೀಳಲು ಸಿದ್ಧವಾಗಿರುತ್ತದೆ, ಟಿಲ್ಲರು ಹೊರಡುವುದಿಲ್ಲ, ರಿಪೇರಿ ಅಂಗಡಿಯಲ್ಲಿ ಊರಿನ ಯಂತ್ರಗಳೆಲ್ಲ ಸಾಲು ನಿಂತಿರುತ್ತವೆ. ಬಲಿತ ಅಗೆಯನ್ನು ನೆಟ್ಟರೆ ತೆಂಡೆ ಕಡಿಮೆ, ಇಳುವರಿಯೂ ಕಡಿಮೆ. ಆದುದರಿಂದ ಒಂದು ದಿನದ ಈ ಕೆಲಸವನ್ನು ಬೇಸಾಯದ ಒಂದು ಅಂಗವೆಂದೇ ತಿಳಿಯಬೇಕು.

ವಿಶ್ರಾಂತಿಗೆ ನಿಲ್ಲಿಸುವ ಕ್ರಮ

1. ತೊಳೆಯುವುದು: ಇಂಜಿನ್ ತಣಿದ ನಂತರ ಕೆಸರು, ಹುಲ್ಲು, ಬೇರುಗಳನ್ನು ಪೂರ್ತಿಯಾಗಿ ತೆಗೆಯಿರಿ. ರೋಟರಿಯ ದಂಡಕ್ಕೆ ಸುತ್ತಿಕೊಂಡ ದಾರ ಮತ್ತು ಹುಲ್ಲು ಎಣ್ಣೆಯ ಸೀಲನ್ನು ಕೊಯ್ಯುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಕು. ಏರ್ ಕ್ಲೀನರಿನೊಳಕ್ಕೆ ನೀರು ಹೋಗಕೂಡದು. ಬಿಸಿಲಿಗೆ ಒಣಗಿಸಿ, ಸಡಿಲಾದ ನಟ್ಟು ಬೋಲ್ಟುಗಳನ್ನು ಬಿಗಿ ಮಾಡಿರಿ.

2. ಎಣ್ಣೆ: ಇಂಜಿನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ, ಎಣ್ಣೆ ಬೆಚ್ಚಗಿರುವಾಗಲೇ ಇಳಿಸಿರಿ. ಬೆಚ್ಚಗಿನ ಎಣ್ಣೆಯೊಂದಿಗೆ ಮಸಿ, ಕಿಟ್ಟ ಹೊರಬರುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಎಣ್ಣೆಯನ್ನು ಗುರುತಿನವರೆಗೆ ತುಂಬಿ, ಅದು ಎಲ್ಲ ಕಡೆಗೂ ಹರಡುವಂತೆ ಸ್ವಲ್ಪ ಹೊತ್ತು ಓಡಿಸಿರಿ. ಹಳೆಯ ಎಣ್ಣೆಯನ್ನು ಕಾಲುವೆಗಾಗಲಿ ಗದ್ದೆಗಾಗಲಿ ಚೆಲ್ಲಬೇಡಿ.

3. ಡೀಸೆಲ್: ಟ್ಯಾಂಕನ್ನು ತುಂಬಿಸಿ ಕಾಕ್ ಮುಚ್ಚಿರಿ. ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯ ತೇವವು ರಾತ್ರಿಯ ತಂಪಿಗೆ ಹನಿಯಾಗಿ ತಳಕ್ಕಿಳಿಯುತ್ತದೆ. ಆ ನೀರು ಪಂಪಿಗೂ ನಾಝಲಿಗೂ ತುಕ್ಕು ಹಿಡಿಸುತ್ತದೆ.

4. ನೀರು: ತಂಪಿಗೆ ಬರಿಯ ನೀರು ಹಾಕುವ ಇಂಜಿನಾದರೆ ಅದನ್ನು ಪೂರ್ತಿ ಬಸಿಯಿರಿ. "ನೀರು ಇಲ್ಲ" ಎಂದು ಚೀಟಿ ಬರೆದು ಹ್ಯಾಂಡಲಿಗೆ ಕಟ್ಟಿರಿ. ಮರೆತು ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

5. ಇಂಜಿನಿನ ಬಾಯಿ ಮುಚ್ಚುವುದು: ಇಂಜಿನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಬಿಗಿ ಹತ್ತಿದ ಕಡೆ ನಿಲ್ಲಿಸಿರಿ. ಆಗ ಎರಡು ವಾಲ್ವುಗಳೂ ಮುಚ್ಚಿರುತ್ತವೆ. ತೇವದ ಗಾಳಿ ಸಿಲಿಂಡರಿಗೆ ಹೋಗುವುದಿಲ್ಲ. ಸೈಲೆನ್ಸರಿನ ಬಾಯಿಗೆ ಬಟ್ಟೆ ಕಟ್ಟಿ, ಅದನ್ನೂ ಚೀಟಿಯಲ್ಲಿ ಬರೆಯಿರಿ.

6. ಇಡುವ ಜಾಗ: ಒಣ ನೆಲದಲ್ಲಿ ಮರದ ತುಂಡುಗಳ ಮೇಲೆ ನಿಲ್ಲಿಸಿ, ಟೈರಿನ ಮೇಲಿನ ಭಾರ ತಪ್ಪಿಸಿರಿ. ಬೆಲ್ಟುಗಳನ್ನು ಸಡಿಲಿಸಿ, ರೋಟರಿಯ ಬ್ಲೇಡುಗಳಿಗೆ ಗ್ರೀಸ್ ಸವರಿರಿ. ಗೊಬ್ಬರದ ಮೂಟೆಗಳ ಬಳಿ ಇಡಕೂಡದು. ರಸಗೊಬ್ಬರ ಕಬ್ಬಿಣವನ್ನು ತಿನ್ನುತ್ತದೆ. ಹುಲ್ಲಿನ ಬಳಿ ಇಟ್ಟರೆ ಬೆಂಕಿಯ ಭಯ, ಇಲಿಯ ಕಾಟ. ಬ್ಯಾಟರಿ ಇದ್ದರೆ ಕಳಚಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಿಸಿರಿ.

ಮತ್ತೆ ಹೂಡುವ ಮುನ್ನ ಸರಿಪಡಿಸುವುದು

ಚೀಟಿ ಓದಿ, ನೀರು ತುಂಬಿ, ಸೈಲೆನ್ಸರಿನ ಬಟ್ಟೆ ತೆಗೆದು, ಎಣ್ಣೆಯ ಮಟ್ಟ ನೋಡಿದ ನಂತರವೇ ಇಂಜಿನ್ ಹೊರಡಿಸತಕ್ಕದ್ದು. ಮುಚ್ಚಿದ ಕೋಣೆಯಲ್ಲಿ ಓಡಿಸಬೇಡಿ. ಹೊಗೆಯಲ್ಲಿ ಪ್ರಾಣ ತೆಗೆಯುವ ವಿಷಗಾಳಿ ಇದೆ. ಕೆಳಗಿನ ಎಲ್ಲ ಹೊಂದಾಣಿಕೆಗಳನ್ನೂ ಇಂಜಿನ್ ನಿಲ್ಲಿಸಿಯೇ ಮಾಡಬೇಕು.

ಬೆಲ್ಟು: ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿರಿ. ಎಷ್ಟು ತಗ್ಗಬೇಕೆಂಬುದನ್ನು ನಿಮ್ಮ ಯಂತ್ರದ ಕೈಪಿಡಿ ಹೇಳುತ್ತದೆ. ಸಡಿಲವಾದರೆ ಬೆಲ್ಟು ಜಾರಿ ಸುಡುತ್ತದೆ. ಅತಿ ಬಿಗಿಯಾದರೆ ಬೇರಿಂಗು ಸವೆಯುತ್ತದೆ. ಒಂದು ಬೆಲ್ಟು ಹರಿದರೂ ಜೊತೆಯವನ್ನೆಲ್ಲ ಒಟ್ಟಿಗೆ ಬದಲಿಸಬೇಕು. ಇಲ್ಲದಿದ್ದರೆ ಹೊಸದರ ಮೇಲೆಯೇ ಭಾರವೆಲ್ಲ ಬೀಳುತ್ತದೆ.

ಟೈರು: ಎರಡರಲ್ಲಿಯೂ ಗಾಳಿ ಸಮವಾಗಿರಲಿ. ಹೆಚ್ಚು ಕಡಿಮೆಯಾದರೆ ಯಂತ್ರ ಒಂದು ಮಗ್ಗುಲಿಗೆ ಎಳೆಯುತ್ತದೆ.

ಬ್ಲೇಡು: ಎಡದವು, ಬಲದವು ಎಂದು ಎರಡು ಬಗೆ ಇವೆ. ತಿರುಗುವಾಗ ಹರಿತವಾದ ಅಂಚೇ ಮೊದಲು ಮಣ್ಣಿಗೆ ತಾಗುವಂತೆ ಜೋಡಿಸಬೇಕು. ತಿರುವುಮುರುವಾದರೆ ಮಣ್ಣು ಸೀಳುವುದಿಲ್ಲ, ಯಂತ್ರ ಕುಣಿಯುತ್ತದೆ.

ಆಳ: ಹಿಂದಿನ ಬಾಲಚಕ್ರವನ್ನು ಮೇಲೆತ್ತಿದರೆ ರೋಟರಿ ಆಳಕ್ಕಿಳಿಯುತ್ತದೆ, ಕೆಳಗಿಳಿಸಿದರೆ ಮೇಲೇಳುತ್ತದೆ.

ತಿರುವಿನ ಕ್ಲಚ್ಚು: ಎಡಗಡೆಯ ಹಿಡಿಯನ್ನು ಒತ್ತಿದರೆ ಎಡ ಚಕ್ರಕ್ಕೆ ಶಕ್ತಿ ತಪ್ಪಿ ಯಂತ್ರ ಎಡಕ್ಕೆ ತಿರುಗುತ್ತದೆ. ಹಿಡಿಯ ಸಡಿಲು ಎರಡೂ ಕಡೆ ಒಂದೇ ಸಮವಿರಲಿ. ಆದರೆ ಇಳಿಜಾರಿನಲ್ಲಿ ಇದು ಉಲ್ಟಾ ಆಗುತ್ತದೆ: ಶಕ್ತಿ ತಪ್ಪಿದ ಚಕ್ರವೇ ಬೇಗ ಉರುಳಿ, ಯಂತ್ರ ಎದುರು ಮಗ್ಗುಲಿಗೆ ಹೊರಳುತ್ತದೆ. ಇದನ್ನು ತಿಳಿಯದವರ ಕೈಗೆ ಗುಡ್ಡದ ದಾರಿಯಲ್ಲಿ ಟಿಲ್ಲರನ್ನು ಕೊಡಬಾರದು. ರೋಟರಿ ತಿರುಗುತ್ತಿರುವಾಗ ಹಿಂದಕ್ಕೆ ನಡೆಸಲೇಕೂಡದು. ಬ್ಲೇಡು ಇರುವುದು ನಡೆಸುವವನ ಕಾಲ ಬಳಿಯಲ್ಲಿಯೇ.

ಗುಂಪಿನಲ್ಲಿ ಕುಳಿತು ವಿಚಾರ ಮಾಡಿರಿ

1. ಟ್ಯಾಂಕನ್ನು ಖಾಲಿ ಬಿಡುವುದಕ್ಕಿಂತ ತುಂಬಿಸಿ ಇಡುವುದು ಏಕೆ ಲೇಸು?
2. ನಿಮ್ಮ ಊರಿನ ಟಿಲ್ಲರುಗಳಲ್ಲಿ ಕಳೆದ ಮುಂಗಾರಿನಲ್ಲಿ ಎಷ್ಟು ಕೆಟ್ಟು ನಿಂತವು? ಅವುಗಳಲ್ಲಿ ಎಷ್ಟನ್ನು ಈ ಕ್ರಮದಿಂದ ಉಳಿಸಬಹುದಾಗಿತ್ತು?
3. ನಾಲ್ಕಾರು ಮನೆಯವರು ಸೇರಿ ಒಂದೇ ದಿನ ಈ ಕೆಲಸ ಮಾಡಿಕೊಂಡರೆ ಸ್ಪಾನರು, ಗ್ರೀಸ್ ಗನ್ನು, ತಿಳಿದವರ ನೆರವು ಎಲ್ಲರಿಗೂ ಒದಗುವುದಿಲ್ಲವೇ?